ಇಟ್ಟಿಗೆಯ ಹಿಂದಿನ ಓಕ್

ಲಂಡನ್ನಿನ ವಾಯುವ್ಯಕ್ಕಿರುವ ಹ್ಯಾರೋದಲ್ಲಿ ನೆಂಟರ ಮನೆಗೆ ಹೋದವರು ಹೆಡ್‌ಸ್ಟೋನ್ ಮ್ಯಾನರ್ ನೋಡದೆ ಬರಬಾರದು. ಎದುರಿಗೆ ನಿಂತರೆ ಅದೊಂದು ಸಾಮಾನ್ಯ ಇಟ್ಟಿಗೆ ಮನೆ. ಇಟ್ಟಿಗೆ ಹದಿನೆಂಟನೆಯ ಶತಮಾನದ ಹೊದಿಕೆಯಷ್ಟೆ. ಒಳಗೆ ಓಕ್ ಮರದ ಕಂಬ, ತೊಲೆಗಳು. ಮರದ ಉಂಗುರಗಳ ಲೆಕ್ಕದಲ್ಲಿ ಈ ಭಾಗ 1310ರ ಸುಮಾರಿನದು, ನಮ್ಮ ವಿಜಯನಗರಕ್ಕಿಂತ ಹಳೆಯದು! ಕ್ಯಾಂಟರ್ಬರಿಯ ಆರ್ಚ್‌ಬಿಷಪ್‌ಗಳ ಕೈಯಲ್ಲಿದ್ದ ಇದು 1546ರಲ್ಲಿ ಎಂಟನೇ ಹೆನ್ರಿಯ ಪಾಲಾಯಿತು. ಸುತ್ತಲಿನ ಕಂದಕದಲ್ಲಿ ಈಗಲೂ ನೀರಿದೆ. ಶತ್ರುಭಯಕ್ಕಿಂತ ದೊಡ್ಡಸ್ತಿಕೆಗೇ ತೋಡಿಸಿದ್ದಿರಬೇಕು. ಪಕ್ಕದಲ್ಲೇ 1506ರ ದವಸದ ದೊಡ್ಡ ಕೊಟ್ಟಿಗೆ.

ಈ ಮನೆ ಈಗ ವಸ್ತುಸಂಗ್ರಹಾಲಯ. ಇಷ್ಟಾದರೂ ನನ್ನ ಮೆಚ್ಚುಗೆ ಇಲ್ಲಿ ಪ್ರದರ್ಶನಕ್ಕಿಟ್ಟ ವೈಟ್‌ಫ್ರಯರ್ಸ್ ಗಾಜಿಗೆ. ಹಿಂದೆ ಲಂಡನ್ನಿನ ಫ್ಲೀಟ್ ಸ್ಟ್ರೀಟ್ ಬಳಿಯಿದ್ದ ಈ ಗಾಜಿನ ಕಾರ್ಖಾನೆ 1923ರಲ್ಲಿ ಹತ್ತಿರದ ವೀಲ್ಡ್‌ಸ್ಟೋನ್‌ಗೆ ಬಂತು, 1980ರಲ್ಲಿ ಮುಚ್ಚಿತು. ಅದರ ವಿನ್ಯಾಸಕಾರ ಜೆಫ್ರಿ ಬ್ಯಾಕ್ಸ್ಟರ್ 1960ರ ದಶಕದಲ್ಲಿ ಅಚ್ಚಿನ ಒಳಮೈಗೆ ಮರದ ತೊಗಟೆ, ಮೊಳೆ, ತಂತಿ ಕೂರಿಸಿ ಅದರೊಳಗೆ ಕಾದ ಗಾಜನ್ನು ಊದಿಸಿದ. ತೊಗಟೆಯ ಬಿರುಕು, ಗಂಟು ಎಲ್ಲವೂ ಗಾಜಿನ ಮೈಮೇಲೆ ಮೂಡಿದವು. ಕಿತ್ತಳೆ ಬಣ್ಣದ ಹೂದಾನಿಗೆ ಬೆಳಕು ಬಿದ್ದಾಗ ಅಂಚು ತಿಳಿಯಾಗಿ, ತಳ ಕೆಂಡದಂತೆ ಗಾಢವಾಗಿ ಕಾಣುತ್ತದೆ. ಆತನದೇ ಇನ್ನೊಂದು ಹೂದಾನಿಯಲ್ಲಿ ನಡುವಿನ ತುಂಡು ಪಕ್ಕಕ್ಕೆ ಸರಿದಿದೆ. ಸಂಗ್ರಾಹಕರು ಅದನ್ನು ಕರೆಯುವುದು ‘ಕುಡುಕ ಗಾರೆಯವ’ ಎಂದು!