ಮಸಿ ಮತ್ತು ಅಕ್ಕಿಹಿಟ್ಟು

ದಲಿತ ವಿಮರ್ಶೆಯಲ್ಲಿ ಸಿಟ್ಟಿಗೆ, ನೋವಿಗೆ ಸಿಕ್ಕಷ್ಟು ಜಾಗ ನಗುವಿಗೆ ಸಿಕ್ಕಿಲ್ಲ. ನಕ್ಕರೆ ಹೋರಾಟದ ಕಾವು ಇಳಿದುಬಿಡುತ್ತದೇನೋ ಎಂಬ ಅಂಜಿಕೆ ನಮ್ಮದು. ನನ್ನ ಅಂಜಿಕೆಗೆ ಇನ್ನೂ ಒಂದು ಕಾರಣವಿತ್ತು.

ವಿಟ್ಲಪಿಂಡಿಯ ದಿನ ಉಡುಪಿಯ ರಥಬೀದಿಯಲ್ಲಿ ಅಪ್ಪನ ಹೆಗಲ ಮೇಲೆ ಕೂತು ವೇಷ ನೋಡಿದ ಹುಡುಗ ನಾನು. ಹುಲಿವೇಷ ಬಂದರೆ ಹೆದರಿಕೆ, ಕೊರಗ ವೇಷ ಬಂದರೆ ನಗು. ಮೈಗೆಲ್ಲ ಮಸಿ ಬಳಿದು, ತಲೆಗೆ ಮುಟ್ಟಾಳೆ ಇಟ್ಟು, ಬೇಕೆಂದೇ ತೊದಲುತ್ತ ಅಂಗಡಿ ಅಂಗಡಿಗೆ ಕೈಚಾಚುತ್ತಿದ್ದವರು ಯಾರೂ ಕೊರಗರಲ್ಲ. ನಾನು ಹೊಟ್ಟೆ ಹಿಡಿದು ನಕ್ಕಿದ್ದೆ. ನಾವೂ ಕೇರಿಯವರೇ. ಆದರೂ ನಮಗಿಂತ ಕೆಳಗೆ ಇನ್ನೊಬ್ಬನಿದ್ದಾನೆಂಬ ಸಮಾಧಾನ ಆ ನಗುವಿನೊಳಗೆ ಇತ್ತು ಅಂತ ಈಗ ಗೊತ್ತಾಗ್ತದೆ.

ಅಷ್ಟು ಹೊತ್ತಿಗೆ 2000ದ ಅಜಲು ನಿಷೇಧ ಕಾಯ್ದೆ ಬಂದಾಗಿತ್ತು. ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುವುದು, ಕಂಬಳಕ್ಕೆ ಮುಂಚೆ ಅವರನ್ನು ಕೋಣಗಳಂತೆ ಓಡಿಸುವುದು ಅಪರಾಧವಾಯಿತು. ನೋಡುವವರ ನಗು ಮಾತ್ರ ಕಾಯ್ದೆಯ ಕೈಗೆ ಸಿಗುವಂಥದ್ದಲ್ಲ.

ಎರಡು ವರ್ಷದ ಹಿಂದೆ ಕಾರ್ಕಳದ ಕಡೆಯ ಒಂದು ಕೊರಗ ಕಾಲೊನಿಗೆ ಹೋಗಿದ್ದೆ. ಆಗಸ್ಟ್ 18, ಭೂಮಿ ಹಕ್ಕಿನ ಹೋರಾಟದ ನೆನಪಿಗೆ ಕೊರಗರು ಆಚರಿಸುವ ಭೂಮಿಹಬ್ಬ. ಡೋಲು, ಭಾಷಣ ಎಲ್ಲ ಮುಗಿದ ಮೇಲೆ ಹುಡುಗರು ತುಳುವಿನಲ್ಲಿ ಕಿರುನಾಟಕ ಆಡಿದರು. ನಿರ್ದೇಶಕನಿಲ್ಲ, ಬರೆದ ಮಾತಿಲ್ಲ, ಪರದೆಯೆಂದರೆ ಒಂದು ಸೀರೆ. ನೋವಿನ ಕಥೆ ಇರಬಹುದೆಂದು ಮೇಷ್ಟ್ರ ಮುಖ ಮಾಡಿಕೊಂಡು ಕೂತೆ.

ಮುಖಕ್ಕೆ ಅಕ್ಕಿಹಿಟ್ಟು ಬಳಿದುಕೊಂಡು ಅಧಿಕಾರಿ ಬಂದ. ಜಾಗ ಅಳೆಯಬೇಕು, ಪಟ್ಟಿ ಮರೆತಿದ್ದಾನೆ. ಬುಟ್ಟಿ ಹೆಣೆಯುವ ಬಿಳಲು ಕೇಳಿ ಪಡೆದು ಅಳೆಯುತ್ತಾನೆ. ಊಟಕ್ಕೆ ಹೊತ್ತಾಯಿತು, ಉಳಿದದ್ದು ಮುಂದಿನ ವರ್ಷ ಅನ್ನುತ್ತಾನೆ. ಅದಕ್ಕೆ ಮುದುಕಿ ಪಾತ್ರದ ಹುಡುಗ: “ನಿಧಾನಕ್ಕೆ ಬನ್ನಿ ಧಣಿ. ಒಣಗಿದರೆ ಬಿಳಲು ಗಿಡ್ಡ ಆಗ್ತದೆ, ನಮ್ಮ ಜಾಗ ದೊಡ್ಡ ಆಗ್ತದೆ.” ಅಷ್ಟರಲ್ಲಿ ಅಧಿಕಾರಿಯ ಮೀಸೆ ಕಳಚಿ ಬಿತ್ತು. ಅವನು ಹೆಕ್ಕಿ, ಧೂಳು ಕೊಡವಿ, “ಇದನ್ನೂ ಕಡತಕ್ಕೆ ಸೇರಿಸಿ” ಅಂದ. ಕಾಲೊನಿಗೆ ಕಾಲೊನಿಯೇ ನಕ್ಕಿತು. ನಾನೂ ನಕ್ಕೆ.

ಇದನ್ನು ಮಣಿಪಾಲದ ಗೆಳೆಯನಿಗೆ ಹೇಳಿದಾಗ ಅವನು, “ಮೀಸೆ ಸರಿಯಾಗಿ ಅಂಟಿಸಬೇಕಿತ್ತು ಮಾರಾಯ” ಅಂದ. ಹವ್ಯಾಸಿ ಕಲೆಯನ್ನು ನಾವು ಅಳೆಯುವ ಪಟ್ಟಿಯೇ ಇದು. ಸರಿಯಾಗಿ ಅಂಟಿದ್ದರೆ ಆ ಮಾತು ಹುಟ್ಟುತ್ತಿತ್ತೆ?

ರಥಬೀದಿಯ ಮಸಿ ಮನುಷ್ಯನ ಹುಟ್ಟನ್ನು ಕಂಡು ನಗುತ್ತಿತ್ತು. ಕಾಲೊನಿಯ ಅಕ್ಕಿಹಿಟ್ಟು ಕುರ್ಚಿಯಲ್ಲಿ ಕೂತವನು ಮಾಡುವ ಕೆಲಸವನ್ನು ಕಂಡು ನಕ್ಕಿತು. ಎರಡೂ ಅರೆಬರೆ ವೇಷಗಳೇ. ವ್ಯತ್ಯಾಸ ಇರುವುದು ಯಾರು, ಯಾರನ್ನು, ಯಾತಕ್ಕಾಗಿ ನಗುತ್ತಾರೆ ಎನ್ನುವಲ್ಲಿ. ವೇಷದಲ್ಲೇ ದೋಷವಿದೆ ಅಂತಲೂ ಹೇಳಲಾರೆ. ಕಾಪು ಹತ್ತಿರದ ಕಟಪಾಡಿಯ ಕೂಲಿ ಕಾರ್ಮಿಕ ರವಿ ಕಟಪಾಡಿ ಅದೇ ಅಷ್ಟಮಿಯ ಗದ್ದಲದಲ್ಲಿ ಸಿನಿಮಾದ ವಿಕಾರ ಪ್ರಾಣಿಗಳ ವೇಷ ಹಾಕಿ, ಕಾಯಿಲೆಯ ಮಕ್ಕಳ ಚಿಕಿತ್ಸೆಗೆ ಹಣ ಕೂಡಿಸಿದ್ದಾರೆ. ಅಲ್ಲಿ ಯಾವ ಜಾತಿಯೂ ನಗೆಪಾಟಲಿಗೆ ಈಡಾಗಲಿಲ್ಲ.

ಸಿದ್ಧಲಿಂಗಯ್ಯನವರ ‘ಊರುಕೇರಿ’ಯ ಬಗ್ಗೆ ಬರೆಯುತ್ತ ಡಿ.ಆರ್. ನಾಗರಾಜ್ ಬಡವರ ನಗುವಿಗಿರುವ ಶಕ್ತಿಯನ್ನು ಗುರುತಿಸಿದ್ದರು. ಅದನ್ನು ಪಾಠ ಮಾಡಿದ್ದೆನೇ ಹೊರತು ನಂಬಿರಲಿಲ್ಲ. ನಮ್ಮ ವಿಮರ್ಶೆ ಪುಸ್ತಕದಿಂದ ಎದ್ದು ಇಂಥ ಸೀರೆ ಪರದೆಯ ಮುಂದೆಯೂ ಕೂರಬೇಕು. ಕನಿಕರದಿಂದ ಕೂತರೆ ನಗು ಕೇಳಿಸುವುದಿಲ್ಲ.

ಹೊರಡುವಾಗ ಅಧಿಕಾರಿಯ ಪಾತ್ರದ ಹುಡುಗ ಮುಖ ತೊಳೆಯುತ್ತ “ಹೇಗಿತ್ತು ಸರ್?” ಅಂದ. ರಥಬೀದಿಯ ನನ್ನ ನಗುವನ್ನು ಅವನಿಗೆ ಹೇಳಬೇಕು ಅನ್ನಿಸಿತು. ಬಾಯಿ ಬರಲಿಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ.