‘ಪ’, ‘ಹ’ ಮತ್ತು ಲೋಪ: ಚಲನಚಿತ್ರ ಸಂಭಾಷಣೆಯ ಸ್ಪಷ್ಟತೆ ಹಾಗೂ ಚಾರಿತ್ರಿಕ ನಿಖರತೆಯನ್ನು ಕುರಿತು

ಕನ್ನಡ ಚಲನಚಿತ್ರಗಳ ಬಗೆಗೆ ರಸಿಕರು ನಡೆಸುವ ಚರ್ಚೆಗಳಲ್ಲಿ ಎರಡು ಆಕ್ಷೇಪಗಳು ಮರಳಿ ಮರಳಿ ಕೇಳಿಬರುತ್ತವೆ. ಸಂಭಾಷಣೆ ಸ್ಪಷ್ಟವಾಗಿಲ್ಲ ಎಂಬುದು ಒಂದು. ಕಾಲಕ್ಕೆ ತಕ್ಕ ವಿವರ ಇಲ್ಲ ಎಂಬುದು ಮತ್ತೊಂದು. ಮೊದಲನೆಯದನ್ನು ಧ್ವನಿಗ್ರಹಣದ ಲೆಕ್ಕಕ್ಕೂ ಎರಡನೆಯದನ್ನು ಕಲಾನಿರ್ದೇಶನದ ಲೆಕ್ಕಕ್ಕೂ ಬರೆಯುವುದು ವಾಡಿಕೆ. ಆದರೆ ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣಗಳ ಆಡುನುಡಿಯನ್ನು ಅದೇ ಜಿಲ್ಲೆಯ ಶಾಸನಗಳ ನುಡಿಯ ಎದುರಿಗಿಟ್ಟು ನೋಡಿದರೆ, ಈ ಎರಡೂ ಆಕ್ಷೇಪಗಳು ಹಲವು ಸಲ ಒಂದೇ ಭಾಷಿಕ ಪೂರ್ವಗ್ರಹದಿಂದ ಹುಟ್ಟುತ್ತವೆ ಎಂಬುದು ತಿಳಿಯುತ್ತದೆ. ಆ ಪೂರ್ವಗ್ರಹದ ಪರಿಶೀಲನೆ ಈ ಲೇಖನದ ಉದ್ದೇಶ.

ಮೇಲೆ ಹೇಳಿದ ಊರುಗಳ ಹೆಸರುಗಳನ್ನೇ ಮೊದಲು ಗಮನಿಸಬಹುದು. ಗ್ರಾಮೀಣ ಉಚ್ಚಾರಣೆಯಲ್ಲಿ ಅವು ‘ಆಸ್ನ’, ‘ಒಳೆನರ್ಸೀಪುರ’, ‘ಅರ್ಕಲ್ಗೂಡು’, ‘ಚನ್ರಾಯ್ಪಟ್ಣ’. ಪದಾದಿಯ ಹಕಾರದ ಲೋಪ ಮತ್ತು ಪದಮಧ್ಯದ ಹ್ರಸ್ವ ಸ್ವರದ ಲೋಪ ಇಲ್ಲಿನ ಎರಡು ಮುಖ್ಯ ಪ್ರಕ್ರಿಯೆಗಳು. ‘ಬರ್ತಾನೆ’ ಎಂಬುದು ‘ಬತ್ತಾನೆ’ ಆಗುವ ಸಮೀಕರಣ ಮೂರನೆಯದು. ಇವು ನಾಲಗೆಯ ಸೋಮಾರಿತನವಲ್ಲ, ನಿಯಮಬದ್ಧ ಧ್ವನಿವ್ಯತ್ಯಾಸಗಳು. ‘ಹೇಳು’ ಎಂಬುದು ‘ಏಳು’ ಆದಾಗ ‘ಮಾತನಾಡು’ ಮತ್ತು ‘ಮೇಲೇಳು’ ಎಂಬ ಎರಡು ಅರ್ಥಗಳು ಒಂದೇ ರೂಪದಲ್ಲಿ ಕೂಡುತ್ತವೆ, ನಿಜ. ಆದರೆ ಭೂತಕಾಲದಲ್ಲಿ ಒಂದು ‘ಏಳ್ದ’, ಇನ್ನೊಂದು ‘ಎದ್ದ’. ರೂಪವ್ಯವಸ್ಥೆ ಅವನ್ನು ಮತ್ತೆ ಬೇರ್ಪಡಿಸುತ್ತದೆ. ‘ಅಕ್ಕಿ’ ಎಂದರೆ ಧಾನ್ಯವೋ ಹಾರುವ ಹಕ್ಕಿಯೋ ಎಂಬ ಗೊಂದಲವನ್ನು ವಾಕ್ಯವೇ ಪರಿಹರಿಸುತ್ತದೆ. ಆ ನುಡಿಯನ್ನಾಡುವವರ ಪಾಲಿಗೆ ಇಲ್ಲಿ ಯಾವ ಅಸ್ಪಷ್ಟತೆಯೂ ಇಲ್ಲ.

2016ರಲ್ಲಿ ತೆರೆಕಂಡ ರಾಮ್ ರೆಡ್ಡಿ ಅವರ ‘ತಿಥಿ’ ಈ ಪ್ರಶ್ನೆಗೆ ಸಮೀಪದ ನಿದರ್ಶನ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಸುತ್ತಮುತ್ತ ಚಿತ್ರಿತವಾದ ಆ ಕೃತಿಯಲ್ಲಿ ವೃತ್ತಿನಟರಲ್ಲದ ಹಳ್ಳಿಗರು ತಮ್ಮ ಮಾತನ್ನೇ ಆಡಿದರು. ಮಂಡ್ಯಕ್ಕೆ ಅಂಟಿಕೊಂಡಿರುವ ಚನ್ನರಾಯಪಟ್ಟಣದ ಪ್ರೇಕ್ಷಕನಿಗೆ ಅದು ಮನೆಮಾತಿನಷ್ಟೇ ಸಲೀಸು. ಗ್ರಾಂಥಿಕ ಸಂಭಾಷಣೆಗೆ ಒಗ್ಗಿದ ಕಿವಿಗೆ ಅದೇ ತೊಡಕು. ಅಂದಮೇಲೆ ಸ್ಪಷ್ಟತೆಯೆಂಬುದು ಧ್ವನಿಯೊಳಗಿನ ಗುಣ ಮಾತ್ರವಲ್ಲ, ಕೇಳುವವನ ರೂಢಿಯೂ ಹೌದು. ಈ ರೂಢಿಗೂ ಒಂದು ಚರಿತ್ರೆಯಿದೆ. ಕನ್ನಡ ಚಲನಚಿತ್ರದ ಮೊದಲ ತಲೆಮಾರುಗಳು ವೃತ್ತಿರಂಗಭೂಮಿಯಿಂದ ಬಂದವು. ಗುಬ್ಬಿ ಕಂಪನಿಯಲ್ಲಿ ಪಳಗಿದ ರಾಜಕುಮಾರ್ ಅವರ ಉಚ್ಚಾರಣೆಯೇ ಮುಂದೆ ಮಾದರಿಯಾಯಿತು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಕೊನೆಯ ಸಾಲಿನವರೆಗೂ ಮಾತನ್ನು ಮುಟ್ಟಿಸಬೇಕಿದ್ದ ರಂಗಭೂಮಿಗೆ ಒತ್ತಕ್ಷರ, ಮಹಾಪ್ರಾಣ, ಹಕಾರಗಳನ್ನು ಬಿಡಿಬಿಡಿಯಾಗಿ ನುಡಿಯುವುದು ಅನಿವಾರ್ಯವಾಗಿತ್ತು. ಆ ಅಗತ್ಯ ತೀರಿದ ಮೇಲೂ ಅಳತೆಗೋಲು ಮಾತ್ರ ಹಾಗೆಯೇ ಉಳಿದಿದೆ.

ಇನ್ನು ಚಾರಿತ್ರಿಕ ನಿಖರತೆ. ಬೇಲೂರು ತಾಲೂಕಿನ ಹಲ್ಮಿಡಿಯಲ್ಲಿ 1936ರಲ್ಲಿ ಎಂ. ಎಚ್. ಕೃಷ್ಣ ಅವರ ಗಮನಕ್ಕೆ ಬಂದ, ಸುಮಾರು ಕ್ರಿ.ಶ. 450ರದೆಂದು ಎಣಿಸಲಾಗುವ ಶಾಸನದಲ್ಲಿ ಆ ಊರಿನ ಹೆಸರು ‘ಪಲ್ಮಡಿ’. ಹೊಯ್ಸಳರ ಹೆಸರೂ ಶಾಸನಗಳಲ್ಲಿ ‘ಪೊಯ್ಸಳ’ ಎಂದೂ ‘ಹೊಯ್ಸಳ’ ಎಂದೂ ಎರಡು ರೂಪಗಳಲ್ಲಿ ದೊರೆಯುತ್ತದೆ. ಸುಮಾರು 10ನೆಯ ಶತಮಾನದಿಂದ ಶಾಸನಗಳಲ್ಲಿ ಪಕಾರದ ಜಾಗಕ್ಕೆ ಹಕಾರ ಬರುವುದು ಹೆಚ್ಚುತ್ತ ಹೋಯಿತು; 13ನೆಯ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಈ ವ್ಯತ್ಯಾಸವನ್ನು ಗುರುತಿಸಬೇಕಾಯಿತು. ಎಂದರೆ ಇಂದು ಶಿಷ್ಟತೆಯ ಗುರುತಾಗಿರುವ ಪದಾದಿಯ ಹಕಾರ ಒಂದು ಕಾಲಕ್ಕೆ ಬಾಯಿಮಾತಿನಿಂದ ಬರಹದೊಳಗೆ ನುಸುಳಿದ ಹೊಸಬ. ‘ಪಲ್ಮಡಿ’ಯಿಂದ ‘ಹಲ್ಮಿಡಿ’, ಅಲ್ಲಿಂದ ‘ಅಲ್ಮಿಡಿ’: ಇದು ಒಂದೇ ದಾರಿಯ ಮೂರು ಮೆಟ್ಟಿಲು. ನಡುವಿನ ಮೆಟ್ಟಿಲಲ್ಲಿ ನಿಂತು ಕೆಳಗಿನದನ್ನು ಅಪಭ್ರಂಶವೆನ್ನುವವರು ತಾವೂ ಇಳಿದು ಬಂದವರೆಂಬುದನ್ನು ಮರೆಯುತ್ತಾರೆ.

ಧ್ವನಿಗಳು ಬೆರೆತುಹೋದರೆ ಭಾಷೆ ಕೆಡುತ್ತದೆ ಎಂಬ ವಾದಕ್ಕೂ ಇಲ್ಲಿ ಉತ್ತರವಿದೆ. ಹಳಗನ್ನಡದಲ್ಲಿ ‘ಕಱೆ’ ಎಂದರೆ ಹಾಲು ಹಿಂಡು, ‘ಕರೆ’ ಎಂದರೆ ಕೂಗು. ಶಕಟರೇಫ ಮರೆಯಾದಾಗ ಎರಡೂ ‘ಕರೆ’ ಆದವು. ಹಸುವನ್ನು ಕರೆಯುವುದಕ್ಕೂ ನೆಂಟರನ್ನು ಕರೆಯುವುದಕ್ಕೂ ಇಂದಿನ ಶಿಷ್ಟ ಕನ್ನಡದಲ್ಲಿ ಒಂದೇ ಪದ. ಅದನ್ನು ಅಸ್ಪಷ್ಟವೆಂದು ಯಾರೂ ದೂರುವುದಿಲ್ಲ. ಶಿಷ್ಟರ ನುಡಿಯಲ್ಲಾದ ಬೆರಕೆ ವಿಕಾಸವೆನಿಸಿಕೊಂಡು, ಒಕ್ಕಲುಮಕ್ಕಳ ನುಡಿಯಲ್ಲಾದ ಬೆರಕೆ ದೋಷವೆನಿಸುವುದಕ್ಕೆ ಭಾಷಾವಿಜ್ಞಾನದಲ್ಲಿ ಆಧಾರವಿಲ್ಲ.

ಈ ಹಿನ್ನೆಲೆಯಲ್ಲಿ ದೇವುಡು ಅವರ ಕಾದಂಬರಿಯನ್ನು ಆಧರಿಸಿದ 1975ರ ‘ಮಯೂರ’ವನ್ನು ನೋಡಬಹುದು. ಕದಂಬ ಮಯೂರಶರ್ಮನ ಚಂದ್ರವಳ್ಳಿ ಶಾಸನ ಪ್ರಾಕೃತದಲ್ಲಿದೆ. ಅವನ ಕಥೆಯನ್ನು ಹೇಳುವ ತಾಳಗುಂದದ ಶಾಸನ ಸಂಸ್ಕೃತದಲ್ಲಿದೆ. ಚಿತ್ರದ ನಾಯಕ ಆಡುವುದಾದರೋ 20ನೆಯ ಶತಮಾನದ ಗ್ರಾಂಥಿಕ ಕನ್ನಡ. ಇದು ಚಿತ್ರದ ಕೊರತೆಯಲ್ಲ; ಪ್ರೇಕ್ಷಕನೊಡನೆ ಮಾಡಿಕೊಂಡ ಒಡಂಬಡಿಕೆ. ಆದರೆ ಅದು ಒಡಂಬಡಿಕೆಯೇ ಹೊರತು ಚರಿತ್ರೆಯಲ್ಲ ಎಂಬ ಎಚ್ಚರ ಚರ್ಚೆಯಲ್ಲಿ ಇರಬೇಕು. ಅಂತೆಯೇ, ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ (1978) ಚಿತ್ರದಂತೆ ಹೊಯ್ಸಳ ಕಾಲದ ಕೂಲಿಸೈನಿಕರನ್ನು ತೆರೆಗೆ ತರುವಾಗ, ಅವರ ಬಾಯಲ್ಲಿ ಪ್ರಶಸ್ತಿಶಾಸನದ ಶೈಲಿಯನ್ನು ನಿರೀಕ್ಷಿಸುವುದು ನಿಖರತೆಯ ಹೆಸರಿನ ಅನಿಖರತೆ. ಶಾಸನದ ಪದ್ಯ ಆಸ್ಥಾನದ್ದು. ಆಡುನುಡಿಯ ಸುಳಿವು ಸಿಗುವುದು ಹೆಚ್ಚಾಗಿ ಕಂಡರಣೆಗಾರನ ಕಾಗುಣಿತದ ‘ತಪ್ಪು’ಗಳಲ್ಲಿ. ಕಲ್ಲಿನ ಮೇಲಿನ ತಪ್ಪು ನಮಗೆ ಸಾಕ್ಷ್ಯ. ತೆರೆಯ ಮೇಲೆ ಅದೇ ಬಗೆಯ ರೂಪ ಕೇಳಿದರೆ ನಗು.

ವಸ್ತುವಿವರಗಳಲ್ಲಿ ರಸಿಕರ ಕಣ್ಣು ಚುರುಕು. ಹೊಯ್ಸಳರ ಅಡುಗೆಮನೆಯಲ್ಲಿ ಒಣಮೆಣಸಿನಕಾಯಿ ತೂಗಿದರೆ ಹಿಡಿದುಬಿಡುತ್ತಾರೆ. ಇಂದು ಹಾಸನದ ಹೆಸರಾಂತ ಬೆಳೆಯಾದ ಆಲೂಗೆಡ್ಡೆಯೂ ಅಮೆರಿಕ ಖಂಡದಿಂದ ಬಂದದ್ದೇ. ಎರಡೂ ಪೋರ್ಚುಗೀಸರು 1498ರಲ್ಲಿ ಭಾರತದ ಕರಾವಳಿಗೆ ಬಂದ ನಂತರದವು. ಆದರೆ ಅದೇ ದೃಶ್ಯದಲ್ಲಿ ಪೋರ್ಚುಗೀಸ್ ಮೂಲದ ‘ಚಾವಿ’, ಅರಬ್ಬಿ ಮೂಲದ ‘ಖಜಾನೆ’, ಪಾರಸಿ ಮೂಲದ ‘ಜಮೀನು’ ನುಡಿದರೆ ಯಾವ ಕಿವಿಯೂ ನಿಮಿರುವುದಿಲ್ಲ. ಚನ್ನರಾಯಪಟ್ಟಣ ತಾಲೂಕಿನ ಶ್ರವಣಬೆಳಗೊಳದಲ್ಲಿ ಗೊಮ್ಮಟನ ಪಾದದ ಬಳಿ ಕನ್ನಡ, ತಮಿಳು, ಮರಾಠಿ ಬರಹಗಳು ಒಟ್ಟಿಗಿವೆ. ಆ ಕಾಲದ ಚಿತ್ರದಲ್ಲಿ ಇಡೀ ಜನ ಒಂದೇ ಸಮನಾದ ಕನ್ನಡ ಆಡುವುದು ಮೆಣಸಿನಕಾಯಿಗಿಂತ ದೊಡ್ಡ ಪ್ರಮಾದವಲ್ಲವೆ?

ಆಕ್ಷೇಪಗಳೆಲ್ಲವೂ ಹುರುಳಿಲ್ಲದವು ಎಂದಲ್ಲ. ಹಿನ್ನೆಲೆ ಸಂಗೀತ ಮಾತನ್ನು ನುಂಗಿದರೆ, ಮರುಧ್ವನಿ ತುಟಿಗೆ ಹೊಂದದಿದ್ದರೆ ಅದು ದೋಷವೇ. ಆದ್ದರಿಂದ ವಿಮರ್ಶಕನು ಮೊದಲು ಕೇಳಬೇಕಾದ ಪ್ರಶ್ನೆ ಇದು: ಪಾತ್ರದ ಊರಿನವನಿಗೆ ಈ ಮಾತು ಅರ್ಥವಾಗುತ್ತದೆಯೆ? ಆಗದಿದ್ದರೆ ತಪ್ಪು ಚಿತ್ರದ್ದು. ಆಗುವುದಾದರೆ, ಕಲಿಯಬೇಕಾದವನು ಕೇಳುಗ. ನಿಖರತೆಗೂ ಇಂಥದೇ ಪ್ರಶ್ನೆ ಬೇಕು: ರಾಜನಿಗೂ ಆಳಿಗೂ ಹಂಚಿದ ನುಡಿಭೇದ ಆ ಕಾಲದ್ದೋ, ಇಂದಿನದೋ?

ಇದು ರುಚಿಯ ವಿಚಾರವಷ್ಟೇ ಅಲ್ಲ. ತೆರೆಯ ಮೇಲೆ ಹಕಾರವುಳ್ಳ ನುಡಿ ನಾಯಕನಿಗೂ ಹಕಾರವಿಲ್ಲದ ನುಡಿ ವಿದೂಷಕನಿಗೂ ಮೀಸಲಾದಷ್ಟು ಕಾಲ, ಅರಕಲಗೂಡಿನ ಹುಡುಗಿ ತರಗತಿಯಲ್ಲಿ ಬಾಯಿ ತೆರೆಯುವ ಮುನ್ನ ಎರಡು ಸಲ ಯೋಚಿಸುತ್ತಾಳೆ. ಆ ಹಿಂಜರಿಕೆಯೇ ‘ಆದರ’ವನ್ನು ‘ಹಾದರ’ವಾಗಿಸುವ ಅತಿಶುದ್ಧಿಯನ್ನು ಹುಟ್ಟಿಸುತ್ತದೆ, ಅದಕ್ಕೂ ಮತ್ತೆ ನಗುವವರು ನಾವೇ.