ಕಲ್ಲಾಗುವ ಕಾನೂನು, ಮೇಣವಾಗುವ ಕಾನೂನು

ಕತೆ, ಕವಿತೆ, ಕಾದಂಬರಿಗಳನ್ನು ಹಿಂಜಿ ಹಿಂಜಿ ವಿಮರ್ಶೆ ಮಾಡುವ ನಾವು ಕೋರ್ಟಿನ ತೀರ್ಪುಗಳನ್ನು ಮಾತ್ರ ವಕೀಲರಿಗೆ ಬಿಟ್ಟು ಸುಮ್ಮನಿದ್ದೇವೆ. ಕತೆ ಕೆಟ್ಟರೆ ಯಾರ ಮನೆಯೂ ಬೀಳುವುದಿಲ್ಲ. ತೀರ್ಪು ಹಾಗಲ್ಲ. ಅದು ಯಾರನ್ನು ನೋಡಿ ಬರೆದದ್ದು, ಯಾರನ್ನು ನೋಡದೆ ಬರೆದದ್ದು ಎಂದು ನಾವೂ ಓದಿ ಕೇಳಬೇಕು.

ಕಾನೂನು ಪಂಡಿತರದ್ದು ಒಂದು ಹಳೆಯ ಜಗಳ. ನಿಯಮ ಬರೆದ ಮೇಲೆ ಎಲ್ಲರಿಗೂ ಒಂದೇ ಎನ್ನುವುದು ಒಂದು ಪಕ್ಷ. ಪ್ರತಿ ಪ್ರಕರಣದ ಕಷ್ಟಸುಖ ನೋಡಿ ನ್ಯಾಯ ಹೇಳಬೇಕು ಎನ್ನುವುದು ಇನ್ನೊಂದು. ಎರಡೂ ಕೇಳಲಿಕ್ಕೆ ಚೆಂದ. ಆದರೆ ಹೊಸಪೇಟೆ, ಸಂಡೂರು ಕಡೆಯ ನೆಲದ ಮೇಲೆ ನಿಂತು ನೋಡಿದರೆ ಪ್ರಶ್ನೆಯೇ ಬೇರೆ: ಯಾರ ಪಾಲಿಗೆ ನಿಯಮ, ಯಾರ ಪಾಲಿಗೆ ವಿವೇಚನೆ?

2011ರ ಜುಲೈ 29. ಹಂಪಿಯಲ್ಲಿ ವಿರೂಪಾಕ್ಷ ಗುಡಿಯ ಮುಂದಿನ ಸಾಲುಮಂಟಪಗಳಲ್ಲಿ ಅಂಗಡಿ, ಖಾನಾವಳಿ ಇಟ್ಟುಕೊಂಡು ಬದುಕಿದ್ದ ಮುನ್ನೂರಕ್ಕೂ ಹೆಚ್ಚು ಕುಟುಂಬಗಳ ಬಜಾರಿಗೆ, ಹೈಕೋರ್ಟಿನ ಆದೇಶ ಹಿಡಿದ ಜಿಲ್ಲಾಡಳಿತ ಜೆಸಿಬಿ ತಂದಿತು. ಸಾಮಾನು ಸಾಗಿಸಲಿಕ್ಕೂ ಪುರುಸೊತ್ತಿಲ್ಲ. ಸ್ಮಾರಕದೊಳಗೆ ವಾಸ ಕೂಡದು ಎಂಬುದು ನಿಯಮ. ಆಗಲಿ. ಯಾರು ಎಷ್ಟು ತಲೆಮಾರಿನಿಂದ ಇದ್ದವರು, ಯಾರು ಮೊನ್ನೆ ಬಂದು ಲಾಡ್ಜ್ ಎಬ್ಬಿಸಿದವರು, ಯಾರಿಗೆ ಬೇರೆ ಸೂರಿಲ್ಲ ಎಂದು ಆ ಬೆಳಿಗ್ಗೆ ಯಾವ ಯಂತ್ರ ಕೇಳಿತು? ಕಂಬದ ಕೆಳಗೆ ಒಲೆ ಹೂಡಿದವಳಿಗೂ ಮಹಡಿ ಕಟ್ಟಿದವನಿಗೂ ನಿಯಮದ ಬಾಯಲ್ಲಿ ಒಂದೇ ಹೆಸರು: ಒತ್ತುವರಿದಾರ. ಕಡ್ಡಿರಾಂಪುರದ ಪುನರ್ವಸತಿ ಆಮೇಲಿನ ಮಾತು. ಮೊದಲು ಕೆಡವು, ಲೆಕ್ಕ ಆಮೇಲೆ.

ಅದೇ ಜುಲೈ 29ರಂದು ದಿಲ್ಲಿಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಸಂಡೂರಿನ ಗುಡ್ಡಗಳು ಉಸಿರು ಬಿಟ್ಟವು. ಅದು ದೊಡ್ಡ ಕೆಲಸವೇ, ಇಲ್ಲ ಎನ್ನುವುದಿಲ್ಲ. ಆದರೆ ಮುಂದೆ ನಡೆದದ್ದನ್ನು ಓದಿ. ಗಣಿಗಳ ಗಡಿ ಅಳೆಯಲು ತಂಡ ಬಂತು. ಬಳ್ಳಾರಿ, ಚಿತ್ರದುರ್ಗ, ತುಮಕೂರಿನ 166 ಗುತ್ತಿಗೆಗಳು ಎ, ಬಿ, ಸಿ ಎಂದು ಮೂರು ಪಾಲಾದವು. 2013ರ ಏಪ್ರಿಲ್ 18ರ ತೀರ್ಪು ಸಿ ವರ್ಗವನ್ನು ರದ್ದುಮಾಡಿತು. ಗಡಿ ದಾಟಿ ಅಗೆದದ್ದು ಗುತ್ತಿಗೆಯ ನೂರಕ್ಕೆ 10ರೊಳಗೆ, ಮಣ್ಣು ಸುರಿದದ್ದು ನೂರಕ್ಕೆ 15ರೊಳಗೆ ಇದ್ದವರು ಬಿ ವರ್ಗ. ಅವರು ಅಗೆದ ಹೆಕ್ಟೇರಿಗೆ 5 ಕೋಟಿ, ಸುರಿದ ಹೆಕ್ಟೇರಿಗೆ 1 ಕೋಟಿ ಕಟ್ಟಿ, ಉಳಿದ ಷರತ್ತು ಪೂರೈಸಿ ಮತ್ತೆ ಗಣಿ ತೆರೆಯಬಹುದು.

ಇದೂ ಒತ್ತುವರಿಯೇ. ಗುಡ್ಡ ತಿಂದವನ ಒತ್ತುವರಿಗೆ ಶೇಕಡಾ ಲೆಕ್ಕ ಉಂಟು, ಒಲೆ ಹೂಡಿದವಳ ಒತ್ತುವರಿಗೆ ಇಲ್ಲ. ನಿಂತ ಗಣಿ ಮತ್ತೆ ಶುರುವಾಗುತ್ತದೆ. ಬಿದ್ದ ಗೋಡೆ ಏಳುವುದಿಲ್ಲ.

“ಹಂಗಾದ್ರ ಒಬ್ಬೊಬ್ರ ಕಷ್ಟ ನೋಡಿ ನ್ಯಾಯ ಹೇಳಿದ್ರ ಬಡವ್ರಿಗೆ ಚಲೋ ಅಲ್ಲೇನ್ರೀ?” ಎಂದು ಯಾರಾದರೂ ಕೇಳಬಹುದು. ಅವಸರ ಬೇಡ. ದಲಿತರಿಗಾಗಿಯೇ ಮಾಡಿದ ಇನ್ನೊಂದು ಕಾಯಿದೆ ನೋಡೋಣ.

1979ರ ಜನವರಿ 1ರಿಂದ ಜಾರಿಯಾದ, ಪರಿಶಿಷ್ಟರ ಜಮೀನು ಪರಭಾರೆ ನಿಷೇಧಿಸುವ ಕಾಯಿದೆ ಅದು. ಜನರ ಬಾಯಲ್ಲಿ ಪಿಟಿಸಿಎಲ್. ಸರ್ಕಾರ ಮಂಜೂರು ಮಾಡಿದ ಜಮೀನನ್ನು ಷರತ್ತು ಮೀರಿ ಯಾರೇ ಕೊಂಡಿರಲಿ, ಆ ಮಾರಾಟ ಅಸಿಂಧು. ಜಮೀನು ಮೂಲದವರಿಗೆ ವಾಪಸ್. ಈ ಗಡುಸೇ ಕಾಯಿದೆಯ ಜೀವ. ಸಾಲಕ್ಕೋ ಕಾಯಿಲೆಗೋ ಹೆಬ್ಬೆಟ್ಟು ಒತ್ತಿದವನು ‘ಒಪ್ಪಿ ಮಾರಲಿಲ್ಲ’ ಎಂದು ಸಾಬೀತು ಮಾಡುವುದೆಲ್ಲಿ? ಸಾಕ್ಷಿ ಹೇಳಬೇಕಾದವರು ಅದೇ ಧಣಿಯ ಹೊಲದ ಕೂಲಿಗಳು! 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು.

2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಅದೇ ಕೋರ್ಟು, ಕಾಯಿದೆಯಲ್ಲಿ ಕಾಲಮಿತಿ ಬರೆದಿಲ್ಲದಿದ್ದರೂ ‘ಸಮಂಜಸ ಕಾಲ’ದೊಳಗೆ ಅರ್ಜಿ ಬರಬೇಕು ಎಂದಿತು. ಸಮಂಜಸ ಅಂದರೆ ಎಷ್ಟು ವರ್ಷ? ಅದು ಪ್ರಕರಣ ನೋಡಿ. ಕಲ್ಲಿನಂಥ ಕಾಯಿದೆ ಮೇಣವಾಗಿ ಬಾಗಿತು. ದಲಿತರು ಬೆಂಗಳೂರಿನಲ್ಲಿ ಧರಣಿ ಕೂತರು. 2023ರಲ್ಲಿ ವಿಧಾನಮಂಡಲ ‘ಕಾಲಮಿತಿ ಇಲ್ಲ’ ಎಂದು ತಿದ್ದುಪಡಿ ತಂದಿತು. 2024ರಲ್ಲಿ ಹೈಕೋರ್ಟಿನ ವಿಭಾಗೀಯ ಪೀಠ, ಕಾಲಮಿತಿ ಬೇರೆ, ವಿಳಂಬ ಬೇರೆ ಎಂದಿತು. ಮಾತು ಅದೇ, ಅಂಗಿ ಬೇರೆ.

ಕಂಪ್ಲಿಯ ಗದ್ದೆಯಲ್ಲಿ ನಾಟಿ ಹಚ್ಚುವ ಹೆಣ್ಣುಮಗಳು ಕಚೇರಿಗೆ ಹೋದ ದಿನ ಅವಳ ಕೂಲಿ ಹೋಯಿತು. ಅಕ್ಷರ ಕೊಡದೆ, ಕಾಯಿದೆ ತಿಳಿಸದೆ, ಧಣಿಯ ಹೆದರಿಕೆಯಲ್ಲಿಟ್ಟು, ಕೊನೆಗೆ ‘ಯಾಕೆ ತಡಮಾಡಿದೆ?’ ಎಂದು ಅವಳನ್ನೇ ಕೇಳುವುದು ಯಾವ ಸೀಮೆಯ ವಿವೇಚನೆ? ವಿವೇಚನೆಗೆ ವಕೀಲ ಬೇಕು, ದಾಖಲೆ ಬೇಕು, ಪುರುಸೊತ್ತು ಬೇಕು. ಇವು ಯಾವುವೂ ಇಲ್ಲದವರ ಆಸರೆ ನಿಯಮವೊಂದೇ.

ಆದ್ದರಿಂದ ಪಂಡಿತರ ಜಗಳದಲ್ಲಿ ನಾವು ಯಾವ ಪಕ್ಷಕ್ಕೂ ಜೈ ಅನ್ನಬೇಕಿಲ್ಲ. ಇದ್ದವರಿಂದ ಇಲ್ಲದವರನ್ನು ಕಾಯುವ ನಿಯಮ ಕಲ್ಲಾಗಿರಲಿ. ಇಲ್ಲದವರ ಸೂರು ಕೀಳುವ ನಿಯಮ ಒಂದೊಂದು ಬಾಗಿಲಲ್ಲೂ ನಿಂತು ವಿಚಾರಿಸಲಿ. ನಡೆದಿರುವುದು ಇದರ ತಿರುವುಮುರುವು. ಯಾವ ತೀರ್ಪೂ ಇದನ್ನು ತಾನಾಗಿ ಹೇಳಿಕೊಳ್ಳುವುದಿಲ್ಲ. ಒಂದರ ಪಕ್ಕ ಒಂದಿಟ್ಟು ಓದಿದಾಗಲೇ ಕಾಣುತ್ತದೆ. ಓದೋಣ.